ಮುಳ್ಳು ಬಲಕ್ಕಿದೆ ಎಂಬುದು ತಿಳಿಯುತ್ತದೆ, ಆದರೆ ನಾನು ಎಲ್ಲಿದ್ದೇನೆ?

(ಹಾರಾಟ ಕಲಿಯುವವರ ಚರ್ಚೆ. ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು.)

ಮೊದಲ ರೇಡಿಯಲ್

ಉಪಕರಣ ಹಾರಾಟ ನಿಯಮಗಳ (ಹೊರಗೆ ನೋಡದೆ, ಉಪಕರಣಗಳನ್ನು ನಂಬಿ ಹಾರುವ ನಿಯಮಗಳ) ಲಿಖಿತ ಪರೀಕ್ಷೆಗೆ ನಾಲ್ಕು ತಿಂಗಳಿನಿಂದ ಓದುತ್ತಿದ್ದೇನೆ. ಅಂಕಿಗಳೆಲ್ಲ ಬಾಯಿಗೆ ಬಂದಿವೆ: ವಿಒಆರ್ (ವಿಮಾನಕ್ಕೆ ದಿಕ್ಕು ತಿಳಿಸುವ ನೆಲದ ರೇಡಿಯೊ ಕೇಂದ್ರ) 108ರಿಂದ 117.95 ಮೆಗಾಹರ್ಟ್ಸ್‌ವರೆಗೆ, ಇಳಿಯುವ ದಾರಿಯ ಗುರುತು ಹೇಳುವ ಮಾರ್ಕರ್ ಬೀಕನ್ 75 ಮೆಗಾಹರ್ಟ್ಸ್, ರನ್‌ವೇಯ ನೇರ ಗೆರೆ ತೋರಿಸುವ ಲೋಕಲೈಜರ್‌ನ ಮುಳ್ಳು ಪೂರ್ತಿ ವಾಲಿದರೆ ಎರಡೂವರೆ ಡಿಗ್ರಿ, ವಿಒಆರ್‌ನ ಮುಳ್ಳು ಪೂರ್ತಿ, ಅಂದರೆ ಐದು ಚುಕ್ಕೆ, ವಾಲಿದರೆ ಹತ್ತು ಡಿಗ್ರಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ನಿನ್ನೆ ಸಿಕ್ಕ ಈ ಒಂದು ಪ್ರಶ್ನೆ ನನ್ನನ್ನು ಪೂರ್ತಿ ಮಣಿಸಿತು.

ವಿಮಾನದ ಹೆಡಿಂಗ್ (ಮೂತಿ ಇರುವ ದಿಕ್ಕು) 310. ಒಬಿಎಸ್‌ನಲ್ಲಿ (ಬೇಕಾದ ಗೆರೆಯ ದಿಕ್ಕನ್ನು ಆರಿಸುವ ಗುಂಡಿಯಲ್ಲಿ) 240 ಇಟ್ಟಿದ್ದಾರೆ. ಧ್ವಜ ‘ಟು’ (ಆ ದಿಕ್ಕು ಕೇಂದ್ರದ ಕಡೆಗೆ; ‘ಫ್ರಂ’ ಎಂದರೆ ಕೇಂದ್ರದಿಂದ ಆಚೆಗೆ) ಎನ್ನುತ್ತಿದೆ. ಮುಳ್ಳು ಬಲಕ್ಕೆ ಮೂರು ಚುಕ್ಕೆ ಸರಿದಿದೆ. ವಿಮಾನ ಯಾವ ರೇಡಿಯಲ್ (ಕೇಂದ್ರದಿಂದ ಹೊರಡುವ ದಿಕ್ಕಿನ ಗೆರೆ) ಮೇಲಿದೆ? ನಾನು 054 ಎಂದು ಬರೆದೆ. ಉತ್ತರಪಟ್ಟಿಯಲ್ಲಿ 066 ಎಂದಿದೆ. ಅರ್ಧ ಗಂಟೆ ಕುಳಿತರೂ ಯಾಕೆಂದು ಹೊಳೆಯಲಿಲ್ಲ.

ಇನ್ನೆರಡು ಅನುಮಾನಗಳನ್ನೂ ಇಲ್ಲಿಯೇ ಕೇಳಿಬಿಡುತ್ತೇನೆ. ಉಪಗ್ರಹಗಳ ಈ ಕಾಲದಲ್ಲಿ ಎನ್‌ಡಿಬಿಗೆ (ಎಲ್ಲ ದಿಕ್ಕಿಗೂ ಒಂದೇ ಸಂಕೇತ ಕಳುಹಿಸುವ ಹಳೆಯ ರೇಡಿಯೊ ಕೇಂದ್ರಕ್ಕೆ) ಅಷ್ಟು ಪುಟಗಳನ್ನು ಓದಬೇಕೆ? ನಿಯಮ, ನಕ್ಷೆ, ರೇಡಿಯೊ ಸಾಧನ, ಈ ಮೂರರಲ್ಲಿ ಯಾವುದನ್ನು ಮೊದಲು ಹಿಡಿಯಬೇಕು?

ಸಿಮ್‌ನಲ್ಲೇ ವಾಸ

ಧ್ವಜ ‘ಫ್ರಂ’ ಆಗುವ ಕಡೆಗೆ ಒಬಿಎಸ್ ಗುಂಡಿಯನ್ನು ತಿರುಗಿಸಿ, ಮುಳ್ಳು ನಡುವಿಗೆ ಬಂದಾಗ ಮೇಲಿರುವ ಅಂಕಿಯನ್ನು ಓದಿಕೊಳ್ಳಿ, ಅದೇ ನಿಮ್ಮ ರೇಡಿಯಲ್. ಇಷ್ಟಕ್ಕೆ ಅರ್ಧ ಗಂಟೆ ಏಕೆ ಬೇಕು?

ಎಡ ತಿರುವು

ಪ್ರಶ್ನೆಪತ್ರಿಕೆಯಲ್ಲಿ ತಿರುಗಿಸಲು ಗುಂಡಿ ಇರುವುದಿಲ್ಲ ಸ್ವಾಮಿ.

ಹಳೆಯ ಬೋಧಕ

ಮೊದಲು ನಿಮ್ಮ ತಪ್ಪನ್ನು ನೋಡೋಣ, ಏಕೆಂದರೆ ಅದು ಬಹಳ ಸೊಗಸಾದ ತಪ್ಪು. 240 ಮತ್ತು ‘ಟು’ ಎಂದಾಕ್ಷಣ ವಿಮಾನ 060 ರೇಡಿಯಲ್‌ನ ಆಸುಪಾಸಿನಲ್ಲಿದೆ ಎಂದು ಸರಿಯಾಗಿಯೇ ಗುರುತಿಸಿದ್ದೀರಿ. ಮೂರು ಚುಕ್ಕೆಗೆ ಆರು ಡಿಗ್ರಿ ಎಂಬುದೂ ಸರಿ. ಮುಳ್ಳು ಬಲಕ್ಕಿದ್ದರೆ ಗೆರೆ ಬಲಕ್ಕಿದೆ, ಆದ್ದರಿಂದ ನಾನು ಗೆರೆಯ ಎಡಕ್ಕಿದ್ದೇನೆ ಎಂದುಕೊಂಡಿರಿ. ಅದೂ ಸರಿಯೇ. ಎಡವಿದ್ದು ಆಮೇಲೆ. ಎಡ ಎಂದಿರಲ್ಲ, ಯಾರ ಎಡ? ನೀವು ಮನಸ್ಸಿನಲ್ಲೇ ಕೇಂದ್ರಕ್ಕೆ ಹೋಗಿ ನಿಂತು, 060ರ ಕಡೆಗೆ ಮುಖ ಮಾಡಿ, ನಿಮ್ಮ ಎಡಗೈ ಬದಿಯ 054ನ್ನು ಆರಿಸಿಕೊಂಡಿರಿ. ಆದರೆ ಉಪಕರಣ ಮಾತನಾಡುವುದು 240ರ ಕಡೆಗೆ ಮುಖ ಮಾಡಿ ನಿಂತವನ ಎಡಬಲಗಳನ್ನು. 240 ಎಂದರೆ ನೈಋತ್ಯದ ಕಡೆ. ಆ ದಿಕ್ಕಿಗೆ ಮುಖ ಮಾಡಿ ನಿಂತವನ ಎಡಕ್ಕೆ ಇರುವುದು ಆಗ್ನೇಯ. 060 ಗೆರೆಯಿಂದ ಆಗ್ನೇಯಕ್ಕೆ ಸರಿದರೆ ರೇಡಿಯಲ್ ಸಂಖ್ಯೆ ಏರುತ್ತದೆ. ಹಾಗಾಗಿ 066.

ಇನ್ನು ಹೆಡಿಂಗ್ 310. ಅದನ್ನು ಕೊಟ್ಟಿರುವುದು ನಿಮ್ಮನ್ನು ದಾರಿ ತಪ್ಪಿಸುವುದಕ್ಕೆ. ವಿಒಆರ್‌ಗೆ ನಿಮ್ಮ ಮೂತಿ ಯಾವ ಕಡೆಗಿದೆ ಎಂಬುದು ಗೊತ್ತೇ ಇಲ್ಲ. ನಿಂತಲ್ಲೇ ಒಂದು ಸುತ್ತು ತಿರುಗಬಲ್ಲ ವಿಮಾನವಿದ್ದಿದ್ದರೆ, ಸುತ್ತು ಮುಗಿಯುವವರೆಗೂ ಆ ಮುಳ್ಳು ಮೂರು ಚುಕ್ಕೆ ಬಲದಲ್ಲೇ ಇರುತ್ತಿತ್ತು.

ಗಾಳಿ 270

ಇಷ್ಟೆಲ್ಲ ನೈಋತ್ಯ ಆಗ್ನೇಯಗಳ ಕಥೆ ಬೇಕಿಲ್ಲ. ‘ಟು’ ಇದ್ದು ಮುಳ್ಳು ಬಲಕ್ಕಿದ್ದರೆ ಒಬಿಎಸ್ ಅಂಕಿಗೆ ಕೂಡಿಸಿ, ಎಡಕ್ಕಿದ್ದರೆ ಕಳೆಯಿರಿ. 240 ಕೂಡಿಸು 6, ಅಂದರೆ 246. ಅದರ ವಿರುದ್ಧ ದಿಕ್ಕು 066. ‘ಫ್ರಂ’ ಇದ್ದಾಗ ಬಲಕ್ಕೆ ಕಳೆಯಬೇಕು, ಎಡಕ್ಕೆ ಕೂಡಿಸಬೇಕು ಎನ್ನುವವರಿದ್ದಾರೆ. ಆದರೆ ಅದೂ ಬೇಡ. ಎರಡರಲ್ಲೂ ಬಲಕ್ಕೆ ಕೂಡಿಸಿ. ಹತ್ತು ಸೆಕೆಂಡಿನ ಕೆಲಸ.

ಹಳೆಯ ಬೋಧಕ

ಮಧ್ಯದ ಗೆರೆಯಿಂದ ಮುಳ್ಳಿನತ್ತ ಕೂಡಿಸುವ ಸೂತ್ರ ‘ಟು’ ಇದ್ದಾಗಲೂ ‘ಫ್ರಂ’ ಇದ್ದಾಗಲೂ ಒಂದೇ ಎಂಬ ನಿಮ್ಮ ಮಾತು ತಪ್ಪು. ಒಂದು ಉದಾಹರಣೆ ತೆಗೆದುಕೊಳ್ಳಿ. ಒಬಿಎಸ್ 090, ಧ್ವಜ ‘ಫ್ರಂ’, ಮುಳ್ಳು ಎಡಕ್ಕೆ ಎರಡು ಚುಕ್ಕೆ. ಪೂರ್ವಕ್ಕೆ ಮುಖ ಮಾಡಿದವನ ಎಡ ಎಂದರೆ ಉತ್ತರ. ಗೆರೆ ಉತ್ತರಕ್ಕಿದೆ, ವಿಮಾನ ದಕ್ಷಿಣಕ್ಕಿದೆ, ರೇಡಿಯಲ್ 094. ನಿಮ್ಮ ‘ಬಲಕ್ಕೆ ಕೂಡಿಸು, ಎಡಕ್ಕೆ ಕಳೆ’ ಎಂಬ ಸೂತ್ರದಿಂದ 086 ಬರುತ್ತದೆ, ಅದು ಗೆರೆಯ ಆಚೆ ಬದಿ. ನೀವು ತಳ್ಳಿಹಾಕಿದ ಆ ‘ಇನ್ನೊಂದು’ ಸೂತ್ರವೇ ಸರಿ.

ನಾನು ಸೂತ್ರದ ವೈರಿಯಲ್ಲ. ಆದರೆ ಸೂತ್ರ ಮರೆತಾಗ ಅದು ತಪ್ಪಾಗಿ ನೆನಪಿಗೆ ಬರುತ್ತದೆ, ತಪ್ಪಾಗಿದೆ ಎಂದು ತಾನಾಗಿ ಹೇಳುವುದೂ ಇಲ್ಲ. ಚಿತ್ರ ಹಾಗಲ್ಲ, ತಪ್ಪಾದರೆ ಕಣ್ಣಿಗೆ ಕುಕ್ಕುತ್ತದೆ.

ಗಾಳಿ 270

ಒಪ್ಪಿದೆ, ಕೈ ತೋರಿಸಿ ಅವಲಕ್ಷಣ ಎನ್ನಿಸಿಕೊಂಡೆ. ಹದಿನೈದು ವರ್ಷಗಳಿಂದ ಗುಂಡಿ ತಿರುಗಿಸಿಯೇ ಬದುಕಿದ್ದೇನೆ ಎಂಬುದು ಇಲ್ಲಿ ಬಯಲಾಯಿತು.

ಶೂನ್ಯ ಗೋಚರ

ಹಳೆಯ ಬೋಧಕರು ಕೊಟ್ಟ ಎರಡನೆಯ ಉದಾಹರಣೆಗೆ ದೂರವನ್ನೂ ಸೇರಿಸಿ ನೋಡಿ, ಆಗ ಅದು ಕೈಗೆ ಸಿಗುವ ಸಂಗತಿಯಾಗುತ್ತದೆ. ಡಿಎಂಇ (ಕೇಂದ್ರ ಎಷ್ಟು ದೂರವಿದೆ ಎಂದು ಹೇಳುವ ಸಾಧನ) 30 ನಾಟಿಕಲ್ ಮೈಲಿ ಎಂದು ತೋರಿಸುತ್ತಿದೆ ಎನ್ನೋಣ. ಅರವತ್ತು ಮೈಲಿ ದೂರದಲ್ಲಿ ಒಂದು ಡಿಗ್ರಿ ಎಂದರೆ ಸುಮಾರು ಒಂದು ಮೈಲಿ. ಆದ್ದರಿಂದ ಮೂವತ್ತು ಮೈಲಿಯಲ್ಲಿ ನಾಲ್ಕು ಡಿಗ್ರಿ ಎಂದರೆ ಎರಡು ಮೈಲಿ. ಗೆರೆಯಿಂದ ಎರಡು ಮೈಲಿ ದಕ್ಷಿಣಕ್ಕಿದ್ದೇವೆ ಎಂದು ತಿಳಿದ ಮೇಲೆ ಎಷ್ಟು ಡಿಗ್ರಿ ತಿರುಗಿ ಗೆರೆಯನ್ನು ಹಿಡಿಯಬೇಕೆಂಬುದು ಊಹೆಯಾಗಿ ಉಳಿಯುವುದಿಲ್ಲ. ಚುಕ್ಕೆಗಳನ್ನು ಮೈಲಿಗೆ ತಿರುಗಿಸುವ ಅಭ್ಯಾಸ ಇಲ್ಲದವರು ಕೇಂದ್ರದ ಹತ್ತಿರ ಬಂದಾಗ ಮುಳ್ಳನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಎರಡು ಮೈಲಿ ಹತ್ತಿರದಲ್ಲಿ ಅದೇ ಎರಡು ಚುಕ್ಕೆ ಎಂದರೆ ಹೆಚ್ಚುಕಡಿಮೆ ಎಂಟುನೂರು ಅಡಿ ಅಷ್ಟೇ, ಅದಕ್ಕೆ ಮೂವತ್ತು ಡಿಗ್ರಿ ತಿರುಗುವುದು ಸೊಳ್ಳೆಗೆ ದೊಣ್ಣೆ ಎತ್ತಿದಂತೆ.

ಮೊದಲ ರೇಡಿಯಲ್

‘ಯಾರ ಎಡ’ ಎಂಬ ಪ್ರಶ್ನೆಯನ್ನು ನನಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಈಗ ಒಂದು ಚಿಕ್ಕ ಅನುಮಾನ. ಹೆಡಿಂಗ್ ಬೇಡವೆನ್ನುವುದಾದರೆ, ಮುಳ್ಳು ಬಲಕ್ಕಿದ್ದಾಗ ಬಲಕ್ಕೆ ತಿರುಗಿ ಎಂದು ಏಕೆ ಹೇಳಿಕೊಡುತ್ತಾರೆ?

ಹಳೆಯ ಬೋಧಕ

ನೀವು ಒಬಿಎಸ್‌ನ ಅಂಕಿಯ ಕಡೆಗೇ ಹೆಚ್ಚುಕಡಿಮೆ ಹಾರುತ್ತಿದ್ದೀರಿ ಎಂಬ ನಂಬಿಕೆಯ ಮೇಲೆ ಆ ಮಾತು ನಿಂತಿದೆ. ಆ ನಂಬಿಕೆ ಮುರಿದರೆ ಮಾತೂ ಮುರಿಯುತ್ತದೆ. ಒಬಿಎಸ್ 090 ಇಟ್ಟುಕೊಂಡು 270ರ ಕಡೆಗೆ ಹಾರಿ ನೋಡಿ. ಮುಳ್ಳು ಎಡಕ್ಕಿದ್ದರೂ ಗೆರೆ ನಿಮ್ಮ ಬಲಗೈ ಬದಿಯಲ್ಲಿರುತ್ತದೆ. ಮುಳ್ಳನ್ನು ನಂಬಿ ಎಡಕ್ಕೆ ತಿರುಗಿದಷ್ಟೂ ದೂರ ಹೋಗುತ್ತೀರಿ. ನಿಮ್ಮ ಪ್ರಶ್ನೆಯ 310ರಲ್ಲಿ ಇನ್ನೂ ಒಂದು ತಮಾಷೆ ಇದೆ. ಗೆರೆಗೆ ನೇರ ಅಡ್ಡ ದಿಕ್ಕು 330. ನಿಮ್ಮ ಮೂತಿ 310ಕ್ಕಿದೆ. ಅಂದರೆ ಗೆರೆ ಬಹುತೇಕ ನಿಮ್ಮ ಮೂತಿಯ ಎದುರಿಗೇ ಇದೆ. ನೀವು ಏನೂ ಮಾಡದೆ ಕೈಕಟ್ಟಿ ಕುಳಿತರೂ ಮುಳ್ಳು ತಾನಾಗಿ ನಡುವಿಗೆ ಬರುತ್ತದೆ.

ಎಡ ತಿರುವು

ಇದನ್ನೇ ಕಾಗದದ ಮೇಲೆ ಹೀಗೆ ಮಾಡುತ್ತೇನೆ. ನಡುವೆ ಒಂದು ಚುಕ್ಕೆ, ಅದು ಕೇಂದ್ರ. ಅದರ ಮೂಲಕ ಒಬಿಎಸ್ ದಿಕ್ಕಿಗೆ ಒಂದು ಉದ್ದ ಗೆರೆ, ತುದಿಗೆ ಬಾಣದ ಗುರುತು. ಅದಕ್ಕೆ ಅಡ್ಡಲಾಗಿ ಕೇಂದ್ರದಲ್ಲೇ ಇನ್ನೊಂದು ಗೆರೆ. ಬಾಣದ ಬದಿಯ ಅರ್ಧ ‘ಫ್ರಂ’, ಬಾಲದ ಬದಿಯ ಅರ್ಧ ‘ಟು’. ಆಮೇಲೆ ಕಾಗದವನ್ನು ತಿರುಗಿಸಿ ಬಾಣವನ್ನು ಮೇಲ್ಮುಖ ಮಾಡಿಕೊಂಡರೆ, ಮುಳ್ಳು ಬಲಕ್ಕೆ ಎಂದರೆ ವಿಮಾನ ಎಡ ಅರ್ಧದಲ್ಲಿದೆ. ನಾಲ್ಕು ಮನೆಗಳಲ್ಲಿ ಒಂದು ಮನೆ ಉಳಿಯುತ್ತದೆ. ವಿಮಾನದ ಚಿತ್ರವನ್ನು ಕೊನೆಯಲ್ಲಿ ಬರೆಯಿರಿ, ಮೊದಲೇ ಬರೆದರೆ ಅದರ ಮೂತಿ ನಿಮ್ಮ ಬುದ್ಧಿಯನ್ನು ಎಳೆದುಕೊಂಡು ಹೋಗುತ್ತದೆ.

ನಕ್ಷೆಪ್ರಿಯ

ಎರಡನೆಯ ಪ್ರಶ್ನೆಯನ್ನು ಎಲ್ಲರೂ ಬಿಟ್ಟುಬಿಟ್ಟಿರಿ. ಎನ್‌ಡಿಬಿ ಓದುವುದು ಸಮಯ ಹಾಳು ಎಂಬುದು ನನ್ನ ಅಭಿಪ್ರಾಯ. ಅನೇಕ ದೇಶಗಳು ಅವನ್ನು ಒಂದೊಂದಾಗಿ ಮುಚ್ಚುತ್ತಿವೆ. ರಾತ್ರಿಯಲ್ಲಿ ಅಯಾನುಗೋಳದಿಂದ ಪುಟಿದು ಬರುವ ಅಲೆ ಮುಳ್ಳನ್ನು ಅಲೆದಾಡಿಸುತ್ತದೆ, ಕರಾವಳಿ ದಾಟುವಾಗ ಅಲೆ ಬಾಗುತ್ತದೆ, ಗುಡುಗು ಮೋಡವಿದ್ದರೆ ಮುಳ್ಳು ಕೇಂದ್ರವನ್ನು ಬಿಟ್ಟು ಮೋಡವನ್ನು ತೋರಿಸುತ್ತದೆ. ಸಂಕೇತ ನಿಂತುಹೋದರೆ ಅದನ್ನು ಹೇಳುವ ಧ್ವಜವೂ ಸಾಮಾನ್ಯವಾಗಿ ಇರುವುದಿಲ್ಲ. ಇಷ್ಟು ದೋಷಗಳ ಪಟ್ಟಿಯನ್ನು ಉರುಹೊಡೆಯುವ ಬದಲು ಉಪಗ್ರಹ ನಂಬಿ ಇಳಿಯುವ ಆರ್‌ಎನ್‌ಪಿ ಅಪ್ರೋಚ್‌ಗಳನ್ನು ಓದಲಿ.

ಶೂನ್ಯ ಗೋಚರ

ದೋಷಗಳ ಪಟ್ಟಿ ಸರಿಯಾಗಿದೆ, ತೀರ್ಮಾನ ತಪ್ಪು. ವಿಒಆರ್‌ಗೆ ಮೂತಿ ಗೊತ್ತಿಲ್ಲ ಎಂದು ಮೇಲೆ ಹೇಳಿದರು. ಎನ್‌ಡಿಬಿಯ ಕಡೆಗೆ ಮುಳ್ಳು ತೋರಿಸುವ ಎಡಿಎಫ್‌ಗೆ ಮೂತಿಯನ್ನು ಬಿಟ್ಟು ಬೇರೇನೂ ಗೊತ್ತಿಲ್ಲ. ಈ ಎರಡನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದವನಿಗೆ ಎರಡೂ ಅರ್ಥವಾಗುತ್ತವೆ, ಒಂದನ್ನೇ ಓದಿದವನಿಗೆ ಅದೂ ಅರ್ಧವೇ. ಹೆಡಿಂಗ್ 030 ಇದ್ದು ಮುಳ್ಳು ಮೂತಿಯಿಂದ ಬಲಕ್ಕೆ 090 ತೋರಿಸಿದರೆ, ಕೇಂದ್ರ 120ರ ದಿಕ್ಕಿನಲ್ಲಿದೆ, ನಾವು ಅದರ 300ರ ಬದಿಯಲ್ಲಿ, ಅಂದರೆ ವಾಯವ್ಯದಲ್ಲಿದ್ದೇವೆ. ಹೆಡಿಂಗ್ ಐದು ಡಿಗ್ರಿ ತಪ್ಪಾಗಿ ಓದಿದರೆ ನಾವಿರುವ ಜಾಗವೂ ಐದು ಡಿಗ್ರಿ ತಪ್ಪುತ್ತದೆ.

ಗಾಳಿಯ ಪಾಠವನ್ನೂ ಎನ್‌ಡಿಬಿಯಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ. ಉತ್ತರಕ್ಕಿರುವ ಕೇಂದ್ರಕ್ಕೆ ಹೊರಟಿದ್ದೀರಿ, ಪಶ್ಚಿಮದಿಂದ ಗಾಳಿ ಬೀಸುತ್ತಿದೆ. ಮುಳ್ಳನ್ನು ಸದಾ ಮೂತಿಯ ಮೇಲೆಯೇ ಇಟ್ಟುಕೊಂಡರೆ ಕೇಂದ್ರವನ್ನೇನೋ ತಲುಪುತ್ತೀರಿ, ಆದರೆ ಬಿಲ್ಲಿನಂತೆ ಬಾಗಿದ ದಾರಿಯಲ್ಲಿ, ಆ ಬಾಗಿನ ಹೊಟ್ಟೆಯಲ್ಲಿ ಬೆಟ್ಟವಿದ್ದರೆ ಅದನ್ನು ಮುಳ್ಳು ಹೇಳುವುದಿಲ್ಲ. ಹೆಡಿಂಗ್ 350 ಹಿಡಿದು, ಮುಳ್ಳು ಮೂತಿಯಿಂದ 010 ಬಲಕ್ಕೆ ಅಲುಗಾಡದೆ ನಿಂತಿದೆಯೆಂದರೆ ಮಾತ್ರ ನೀವು ನೇರ ಗೆರೆಯ ಮೇಲಿದ್ದೀರಿ.

ನಕ್ಷೆಪ್ರಿಯ

ಪಾಠದ ಬೆಲೆಯನ್ನು ಒಪ್ಪುತ್ತೇನೆ. ಆದರೂ ನನ್ನ ವಿಮಾನದಲ್ಲಿ ಎಡಿಎಫ್ ಪೆಟ್ಟಿಗೆಯೇ ಇಲ್ಲ.

ಗಾಳಿ 270

ಉಪಗ್ರಹ ಸಂಕೇತಕ್ಕೆ ಅಡ್ಡಿ ಬಂದಾಗ ಏನಿದೆ ಪೆಟ್ಟಿಗೆಯಲ್ಲಿ ಎಂಬುದೇ ಮುಖ್ಯ. ಸಂಕೇತವನ್ನು ಅಡಗಿಸುವುದೂ, ಸುಳ್ಳು ಸಂಕೇತ ಕಳುಹಿಸಿ ವಿಮಾನ ಬೇರೆಲ್ಲೋ ಇದೆ ಎಂದು ನಂಬಿಸುವುದೂ ಈಗ ಸಂಘರ್ಷದ ಪ್ರದೇಶಗಳ ಸುತ್ತ ಮಾಮೂಲಾಗಿಬಿಟ್ಟಿದೆ. ಅಮೆರಿಕದವರು ವಿಒಆರ್‌ಗಳನ್ನು ಕಡಿಮೆ ಮಾಡುತ್ತಿದ್ದರೂ ಒಂದು ಕನಿಷ್ಠ ಜಾಲವನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಳ್ಳುತ್ತಿರುವುದು ಇದೇ ಕಾರಣಕ್ಕೆ. ಜಿಪಿಎಸ್ ಕೈಕೊಟ್ಟರೆ ನೂರು ನಾಟಿಕಲ್ ಮೈಲಿಯೊಳಗೆ ರೇಡಿಯೊ ಸಾಧನದಿಂದಲೇ ಇಳಿಯಬಲ್ಲ ಒಂದು ನಿಲ್ದಾಣ ಸಿಗಬೇಕು ಎಂಬುದು ಅವರ ಲೆಕ್ಕ.

ಮೋರ್ಸ್ ಕಿವಿ

ಎಲ್ಲರೂ ಮುಳ್ಳಿನ ಬಗ್ಗೆ ಮಾತನಾಡುತ್ತಿದ್ದೀರಿ, ಕಿವಿಯ ಬಗ್ಗೆ ಒಬ್ಬರೂ ಇಲ್ಲ. ತರಬೇತಿಯ ದಿನಗಳಲ್ಲಿ ಒಮ್ಮೆ ಆವರ್ತನ ಹಾಕಿದೆ, ಧ್ವಜ ಬಂತು, ಮುಳ್ಳು ಜೀವಂತವಾಗಿ ನಡುವಿನಲ್ಲಿ ನಿಂತಿತು. ನಾನು ಸಂತೋಷದಿಂದ ತಿರುಗಿದೆ. ಪಕ್ಕದಲ್ಲಿದ್ದ ಬೋಧಕರು ಏನೂ ಹೇಳದೆ ಧ್ವನಿಯ ಗುಂಡಿಯನ್ನು ಮೇಲಕ್ಕೆ ತಿರುಗಿಸಿದರು. ಕೇಂದ್ರದ ಹೆಸರು ಹೇಳುವ ಮೋರ್ಸ್ ಗುರುತು ಇರಲಿಲ್ಲ, ಬರೀ ಸರಸರ ಸದ್ದು. ಕೇಂದ್ರ ದುರಸ್ತಿಯಲ್ಲಿತ್ತು, ಸಂಕೇತ ಹೊರಗೆ ಬರುತ್ತಿತ್ತು, ನಂಬಬೇಡಿ ಎಂದು ಹೇಳುವುದಕ್ಕಾಗಿ ಗುರುತನ್ನು ಮಾತ್ರ ತೆಗೆದಿದ್ದರು. ಆ ಸೂಚನೆ ನಾನು ಓದದೆ ಬಿಟ್ಟಿದ್ದ ನೋಟಾಮ್‌ನಲ್ಲಿಯೂ (ಪೈಲಟ್‌ಗಳಿಗೆ ಕೊಡುವ ಪ್ರಕಟಣೆಯಲ್ಲಿಯೂ) ಇತ್ತು. ಅಂದಿನಿಂದ ನನಗೆ ಮುಳ್ಳು ಎಂದರೆ ಮೊದಲು ಕಿವಿ.

ಸಿಮ್‌ನಲ್ಲೇ ವಾಸ

ಈಗಿನ ಉಪಕರಣಗಳು ಮೋರ್ಸ್ ಅನ್ನು ತಾವೇ ಬಿಡಿಸಿ ಮೂರು ಅಕ್ಷರಗಳನ್ನು ಪರದೆಯ ಮೇಲೆ ತೋರಿಸುತ್ತವೆ. ಕಿವಿ ಏಕೆ?

ಮೋರ್ಸ್ ಕಿವಿ

ತೋರಿಸಲಿ, ಒಳ್ಳೆಯದು, ಆದರೆ ತೋರಿಸಿದ್ದನ್ನು ಓದುವವರು ಬೇಕಲ್ಲ. 1995ರ ಡಿಸೆಂಬರ್ 20ರಂದು ಕೊಲಂಬಿಯಾದ ಕಾಲಿ ನಗರಕ್ಕೆ ಇಳಿಯುತ್ತಿದ್ದ ಬೋಯಿಂಗ್ 757 ವಿಮಾನದಲ್ಲಿ ಪೈಲಟ್‌ಗಳು ರೋಸೋ ಎಂಬ ಎನ್‌ಡಿಬಿಗೆ ಹೋಗಲು ಕಂಪ್ಯೂಟರಿಗೆ ‘ಆರ್’ ಎಂಬ ಒಂದಕ್ಷರ ಕೊಟ್ಟರು. ನಕ್ಷೆಯಲ್ಲಿ ರೋಸೋದ ಗುರುತು ಅದೇ ಆಗಿತ್ತು. ಕಂಪ್ಯೂಟರಿನ ಮಾಹಿತಿ ಕೋಶದಲ್ಲಿ ಆ ಅಕ್ಷರಕ್ಕೆ ಸಿಕ್ಕಿದ್ದು ನೂರಕ್ಕೂ ಹೆಚ್ಚು ಮೈಲಿ ದೂರದ, ಬೊಗೊಟಾ ಬಳಿಯ ರೋಮಿಯೊ ಎಂಬ ಎನ್‌ಡಿಬಿ. ರಾತ್ರಿಯಲ್ಲಿ ವಿಮಾನ ಅದರ ಕಡೆಗೆ ಎಡಕ್ಕೆ ತಿರುಗಿತು. ಅದನ್ನು ಗಮನಿಸಿ ಮತ್ತೆ ಬಲಕ್ಕೆ ತಿರುಗುವಷ್ಟರಲ್ಲಿ ಕಣಿವೆಯಿಂದ ಹೊರಗೆ ಬೆಟ್ಟಗಳ ಮೇಲೆ ಬಂದಾಗಿತ್ತು. 163 ಜನರಲ್ಲಿ ಉಳಿದವರು ನಾಲ್ವರು. ನಕ್ಷೆ ಸುಳ್ಳು ಹೇಳಿರಲಿಲ್ಲ, ಕೋಶದಲ್ಲಿ ರೋಸೋ ಇರಲಿಲ್ಲವೆಂದೂ ಅಲ್ಲ. ನಕ್ಷೆಯ ಅಕ್ಷರಕ್ಕೂ ಕೋಶದ ಅಕ್ಷರಕ್ಕೂ ಹೊಂದಿಕೆ ಇರಲಿಲ್ಲ.

ನಕ್ಷೆಪ್ರಿಯ

ಹಾಗಾದರೆ ಮೂರನೆಯ ಪ್ರಶ್ನೆಗೆ ನನ್ನ ಉತ್ತರ: ನಕ್ಷೆಯಿಂದ ಶುರು ಮಾಡಿ. ಒಂದು ಅಪ್ರೋಚ್ ಹಾಳೆಯನ್ನು (ಇಳಿಯುವ ದಾರಿಯ ನಕ್ಷೆಯನ್ನು) ಮೇಜಿನ ಮೇಲೆ ಹಾಸಿ, ಅದರ ಮೇಲಿರುವ ಪ್ರತಿ ಅಂಕಿಗೂ ‘ನೀನು ಯಾರು, ಎಲ್ಲಿಂದ ಅಳೆದದ್ದು’ ಎಂದು ಕೇಳುತ್ತ ಹೋಗಿ. ನಿಯಮವೂ ರೇಡಿಯೊವೂ ಅದರ ಹಿಂದೆಯೇ ಬರುತ್ತವೆ.

ಕೋಶದ ಅಕ್ಷರ ಒತ್ತಟ್ಟಿಗಿರಲಿ, ಹಾಳೆಯಲ್ಲಿಯೇ ಹೊಂಚು ಹಾಕಿ ಕುಳಿತ ಒಂದು ವೃತ್ತವಿದೆ, ಎಂಎಸ್‌ಎ ವೃತ್ತ, ಅಂದರೆ ಕನಿಷ್ಠ ಸುರಕ್ಷಿತ ಎತ್ತರದ ವೃತ್ತ. ಸಾಮಾನ್ಯವಾಗಿ 25 ನಾಟಿಕಲ್ ಮೈಲಿ ಸುತ್ತಳತೆಯೊಳಗೆ ಅಡೆತಡೆಗಳಿಗಿಂತ ಸಾವಿರ ಅಡಿ ಮೇಲಿರುವ ಎತ್ತರವನ್ನು ಅದು ಹೇಳುತ್ತದೆ. ವೃತ್ತವನ್ನು ಹೋಳು ಮಾಡುವ ಗೆರೆಗಳ ಮೇಲಿನ ದಿಕ್ಕುಗಳು ರೇಡಿಯಲ್‌ಗಳಲ್ಲ, ಕೇಂದ್ರದ ಕಡೆಗೆ ಹೋಗುವ ಬೇರಿಂಗ್‌ಗಳು. ಈಶಾನ್ಯದಿಂದ ಬರುವವನು 225ರ ಬಳಿಯ ಹೋಳನ್ನು ನೋಡಬೇಕು, 045ರದ್ದನ್ನಲ್ಲ. ಅದಲುಬದಲಾದರೆ ಬೆಟ್ಟದ ಬದಿಗೆ ಬಯಲಿನ ಎತ್ತರ ಹಿಡಿದು ಹೋಗುತ್ತೀರಿ.

ಎಡ ತಿರುವು

ಸುತ್ತಳತೆ ಅಲ್ಲ, ತ್ರಿಜ್ಯ. ಉಳಿದದ್ದೆಲ್ಲ ಸರಿ.

ನಕ್ಷೆಪ್ರಿಯ

ತ್ರಿಜ್ಯ. ತಿದ್ದಿದ್ದಕ್ಕೆ ವಂದನೆಗಳು, ಬರೆಯುವ ಆತುರದಲ್ಲಿ ವೃತ್ತವನ್ನೇ ಕುಗ್ಗಿಸಿಬಿಟ್ಟೆ.

ಗಾಳಿ 270

‘ಎಲ್ಲಿಂದ ಅಳೆದದ್ದು’ ಎಂಬ ಮಾತಿಗೆ ಡಿಎಂಇಯನ್ನೂ ಸೇರಿಸಿ. ಅದು ಕೊಡುವುದು ನೆಲದ ದೂರವಲ್ಲ, ಓರೆ ದೂರ. ದೂರ ಹೋದಷ್ಟೂ ಓರೆ ಉದ್ದವಾಗಿ ತಪ್ಪು ಹೆಚ್ಚುತ್ತದೆ, ಅದನ್ನು ನೆನಪಿಡಬೇಕು.

ಶೂನ್ಯ ಗೋಚರ

ಇಂದು ನಿಮ್ಮ ಗ್ರಹಗತಿ ಸರಿಯಿಲ್ಲ. ಅದು ತಿರುಗುಮುರುಗು. ಆರು ಸಾವಿರ ಅಡಿ ಎಂದರೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ. ಆ ಎತ್ತರದಲ್ಲಿ ಹತ್ತು ಮೈಲಿ ಆಚೆಗಿದ್ದರೆ ಡಿಎಂಇ ತೋರಿಸುವುದು 10.05, ಆ ತಪ್ಪು ಪರದೆಯ ಮೇಲೆ ಕಾಣಿಸುವುದೂ ಇಲ್ಲ. ಅದೇ ಎತ್ತರದಲ್ಲಿ ಕೇಂದ್ರದ ನೆತ್ತಿಯ ಮೇಲಿದ್ದರೆ ಸೊನ್ನೆಯ ಬದಲು ಒಂದು ಮೈಲಿ ತೋರಿಸುತ್ತದೆ. 36,000 ಅಡಿಯಲ್ಲಿ ನೆತ್ತಿಯ ಮೇಲಿದ್ದರೂ ಆರು ಮೈಲಿ. ತಪ್ಪು ಬೆಳೆಯುವುದು ಹತ್ತಿರದಲ್ಲಿ ಮತ್ತು ಎತ್ತರದಲ್ಲಿ.

ಗಾಳಿ 270

ಸರಿ, ಕೇಂದ್ರದ ನೆತ್ತಿಯ ಮೇಲೆ ನಿಂತು ತಲೆ ತಗ್ಗಿಸುತ್ತೇನೆ. ಆದರೆ ಡಿಎಂಇಯ ಬಗ್ಗೆ ನನ್ನ ಸ್ವಂತ ಅನುಭವವೊಂದನ್ನು ಹೇಳದೆ ಬಿಡುವುದಿಲ್ಲ. ನಮ್ಮ ಉಪಕರಣದಲ್ಲಿ ‘ಹೋಲ್ಡ್’ ಎಂಬ ಒಂದು ಸ್ಥಾನವಿತ್ತು. ಅದನ್ನು ಒತ್ತಿದರೆ ಡಿಎಂಇ ಹಳೆಯ ಕೇಂದ್ರಕ್ಕೇ ಅಂಟಿಕೊಂಡಿರುತ್ತದೆ, ಮೇಲಿನ ಪೆಟ್ಟಿಗೆಯಲ್ಲಿ ನೀವು ಬೇರೆ ಆವರ್ತನ ಹಾಕಿಕೊಳ್ಳಬಹುದು. ಬೇಕಾದಾಗ ಬಹಳ ಉಪಯೋಗ. ನಾನು ಅದನ್ನು ಬಿಡಿಸಲು ಮರೆತು ಐಎಲ್‌ಎಸ್ (ರನ್‌ವೇಗೆ ಇಳಿಯಲು ದಾರಿ ತೋರುವ ರೇಡಿಯೊ ವ್ಯವಸ್ಥೆ) ಹಾಕಿಕೊಂಡೆ. ಅಂಕಿಗಳು ಎಷ್ಟು ಶಿಸ್ತಾಗಿ ಇಳಿಯುತ್ತಿದ್ದವೆಂದರೆ 8.4, 8.3, 8.2, ಅನುಮಾನಕ್ಕೆ ಎಡೆಯೇ ಇರಲಿಲ್ಲ. ಹಾಳೆಯ ಪ್ರಕಾರ ಆ ದೂರದಲ್ಲಿ ಗ್ಲೈಡ್ ಸ್ಲೋಪ್ ಮುಳ್ಳು, ಅಂದರೆ ಇಳಿಜಾರು ತೋರಿಸುವ ಮುಳ್ಳು, ನಡುವಿನಲ್ಲಿರಬೇಕಿತ್ತು, ಅದು ಇನ್ನೂ ಮೇಲೆಯೇ ಅಂಟಿಕೊಂಡಿತ್ತು. ಆಗ ಸಣ್ಣ ಹಳದಿ ದೀಪ ಕಣ್ಣಿಗೆ ಬಿತ್ತು. ಕೆಳಗಿಳಿಯುತ್ತಿರುವ ಅಂಕಿಯಷ್ಟು ನಂಬಿಕೆ ಹುಟ್ಟಿಸುವ ವಸ್ತು ಇನ್ನೊಂದಿಲ್ಲ.

ಹಳೆಯ ಬೋಧಕ

ಡಿಎಂಇ ಸರಿಯಾದ ಕೇಂದ್ರದ್ದೇ ಆಗಿದ್ದರೂ ಸಾಲದು. 1997ರ ಆಗಸ್ಟ್ 6ರಂದು ಗುವಾಮ್ ದ್ವೀಪದಲ್ಲಿ ಆದದ್ದನ್ನು ಪ್ರತಿ ವಿದ್ಯಾರ್ಥಿಗೂ ಹಾಳೆಯ ಸಮೇತ ಓದಿಸುತ್ತೇನೆ. ಅಂದು ಗ್ಲೈಡ್ ಸ್ಲೋಪ್ ಕೆಲಸ ಮಾಡುತ್ತಿರಲಿಲ್ಲ, ಅದಕ್ಕೆ ನೋಟಾಮ್ ಇತ್ತು. ಉಳಿದದ್ದು ಲೋಕಲೈಜರ್ ಮತ್ತು ವಿಒಆರ್ ಜೊತೆಗಿನ ಡಿಎಂಇ. ಸಾಮಾನ್ಯವಾಗಿ ಡಿಎಂಇ ನಿಲ್ದಾಣದಲ್ಲಿಯೇ ಇರುತ್ತದೆ, ಸೊನ್ನೆ ಎಂದರೆ ರನ್‌ವೇ. ಅಲ್ಲಿ ಆ ವಿಒಆರ್ ನಿಮಿಟ್ಜ್ ಬೆಟ್ಟದ ಮೇಲೆ, ರನ್‌ವೇಗಿಂತ 3.3 ನಾಟಿಕಲ್ ಮೈಲಿ ಮೊದಲೇ ಇತ್ತು. ಅಂಕಿ ಸೊನ್ನೆಗೆ ಇಳಿದು ಮತ್ತೆ ಏರಬೇಕಾದ ಅಪ್ರೋಚ್ ಅದು. ಹಂತ ಹಂತವಾಗಿ ಕಾಯಬೇಕಿದ್ದ ಎತ್ತರಗಳನ್ನು ಕಾಯದೆ ಬೋಯಿಂಗ್ 747 ಆ ಬೆಟ್ಟಕ್ಕೇ ಬಡಿಯಿತು. 254 ಜನರಲ್ಲಿ 228 ಜನ ಸತ್ತರು. ಹಾಳೆಯಲ್ಲಿ ಎಲ್ಲವೂ ಅಚ್ಚಾಗಿತ್ತು.

ಮೊದಲ ರೇಡಿಯಲ್

ಹಾಳೆಯಲ್ಲಿ ಎಲ್ಲವೂ ಇದ್ದರೂ ಹೀಗಾಗುವುದಾದರೆ, ನಕ್ಷೆಯಿಂದ ಶುರು ಮಾಡು ಎಂಬ ಮಾತಿಗೆ ಇದು ಪರವೋ ವಿರುದ್ಧವೋ?

ಎಡ ತಿರುವು

ಚೆನ್ನಾಗಿ ಕೇಳಿದಿರಿ. ನನ್ನ ಪ್ರಕಾರ ವಿರುದ್ಧ. ನಿಯಮ ಗೊತ್ತಿಲ್ಲದವನಿಗೆ ಹಾಳೆ ಬರೀ ಚಿತ್ತಾರ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಡಲ್ಲೆಸ್‌ಗೆ ಬರುತ್ತಿದ್ದ ಟಿಡಬ್ಲ್ಯುಎ 514 ವಿಮಾನಕ್ಕೆ ‘ಅಪ್ರೋಚ್‌ಗೆ ಅನುಮತಿ ಇದೆ’ ಎಂದರು. ಆ ಮಾತಿನ ಅರ್ಥ ಹಾಳೆಯಲ್ಲಿರುವ 1,800 ಅಡಿಗೆ ಈಗಲೇ ಇಳಿಯಬಹುದು ಎಂದೋ, ಅಥವಾ ಆ 1,800 ಅನ್ವಯವಾಗುವ ಭಾಗಕ್ಕೆ ತಲುಪಿದ ಮೇಲೆ ಇಳಿಯಬೇಕು ಎಂದೋ? ಪೈಲಟ್‌ಗಳು ಮೊದಲನೆಯದನ್ನು ಹಿಡಿದರು. ವಿಮಾನ ಮೌಂಟ್ ವೆದರ್‌ಗೆ ಬಡಿದು 92 ಜನರೂ ಸತ್ತರು. ಅಲ್ಲಿ ಮುಳ್ಳು ಸರಿಯಿತ್ತು, ಹಾಳೆಯ ಅಂಕಿ ಸರಿಯಿತ್ತು. ಒಂದು ವಾಕ್ಯಕ್ಕೆ ಕಂಟ್ರೋಲರ್ ಒಂದು ಅರ್ಥ, ಪೈಲಟ್ ಒಂದು ಅರ್ಥ ಇಟ್ಟುಕೊಂಡಿದ್ದರು. ಆ ಅರ್ಥವನ್ನು ನಿಯಮದಲ್ಲಿ ಖಚಿತಪಡಿಸಿದ್ದು ಆಮೇಲೆ.

ನಕ್ಷೆಪ್ರಿಯ

ಅದೇ ಘಟನೆ ನನ್ನ ವಾದಕ್ಕೂ ಸಾಕ್ಷಿ. ಹಾಳೆಯ ಮೇಲ್ನೋಟದ ಚಿತ್ರದಲ್ಲಿ ಆ ದಾರಿಗೆ ಹೆಚ್ಚಿನ ಎತ್ತರಗಳು ಕಾಣುತ್ತಿದ್ದವು. ಕೆಳಗಿನ ಪಕ್ಕನೋಟದ ಚಿತ್ರವೊಂದನ್ನೇ ನೋಡಿದರೆ 1,800 ಮಾತ್ರ ಕಾಣುತ್ತದೆ. ಎರಡು ಚಿತ್ರಗಳನ್ನು ಒಂದಕ್ಕೊಂದು ಹೊಲಿಯದೆ ಓದಬಾರದು.

ಶೂನ್ಯ ಗೋಚರ

ನೀವಿಬ್ಬರೂ ಒಂದೇ ಹಗ್ಗದ ಎರಡು ತುದಿ ಎಳೆಯುತ್ತಿದ್ದೀರಿ. ಪಕ್ಕನೋಟದ ಮಾತು ಬಂದದ್ದಕ್ಕೆ ಮೂರು ಲೆಕ್ಕಗಳನ್ನು ಹೇಳಿಬಿಡುತ್ತೇನೆ, ಏಕೆಂದರೆ ಪರೀಕ್ಷೆಗೂ ಕಾಕ್‌ಪಿಟ್‌ಗೂ ಇವು ಒಂದೇ. ಮೂರು ಡಿಗ್ರಿ ಇಳಿಜಾರು ಎಂದರೆ ಮೈಲಿಗೆ ಸುಮಾರು 320 ಅಡಿ. ನೆಲವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂದು ಸಿಗುತ್ತದೆ, 120 ನಾಟ್‌ಗೆ 600. ಎತ್ತರಮಾಪಕದಲ್ಲಿ ಒಂದು ಹೆಕ್ಟೊಪಾಸ್ಕಲ್‌ಗೆ ಹತ್ತಿರ ಹತ್ತಿರ 27 ಅಡಿ. ಕ್ಯುಎನ್‌ಎಚ್ (ಮಾಪಕದಲ್ಲಿ ಇಡಬೇಕಾದ ಅಲ್ಲಿನ ಗಾಳಿಯ ಒತ್ತಡ) 993 ಇರುವಾಗ ಮರೆತು ಪ್ರಮಾಣಿತ 1013ರಲ್ಲೇ ಬಿಟ್ಟರೆ ನೀವು ಮಾಪಕ ಹೇಳುವುದಕ್ಕಿಂತ 540 ಅಡಿ ಕೆಳಗಿರುತ್ತೀರಿ. ಮೊದಲ ವರ್ಗದ ಐಎಲ್‌ಎಸ್‌ನ ನಿರ್ಧಾರ ಎತ್ತರ (ಇಳಿಯುವುದೋ ಮತ್ತೆ ಏರುವುದೋ ಎಂದು ತೀರ್ಮಾನಿಸುವ ಎತ್ತರ) ನೆಲದಿಂದ 200 ಅಡಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಚಳಿಯನ್ನೂ ಮರೆಯಬೇಡಿ. ಪ್ರಮಾಣಿತ ತಾಪಕ್ಕಿಂತ ಹತ್ತು ಡಿಗ್ರಿ ತಣ್ಣಗಾದರೆ, ಮಾಪನ ಕೊಟ್ಟ ನಿಲ್ದಾಣದಿಂದ ಮೇಲಿನ ಎತ್ತರದಲ್ಲಿ ಶೇಕಡಾ ನಾಲ್ಕರಷ್ಟು ಕಡಿತವಾಗುತ್ತದೆ. ಮೂವತ್ತು ಡಿಗ್ರಿ ತಣ್ಣಗಿದ್ದರೆ ಸಾವಿರ ಅಡಿಯಲ್ಲಿ 120 ಅಡಿ ಮಾಯ.

ಸಿಮ್‌ನಲ್ಲೇ ವಾಸ

ಹೋಲ್ಡಿಂಗ್ (ಕಾಯುವಾಗ ಒಂದೇ ಜಾಗದಲ್ಲಿ ಸುತ್ತುವ ದಾರಿ) ಪ್ರವೇಶದ ಬಗ್ಗೆಯೂ ಯಾರಾದರೂ ಹೇಳಿ, ನನಗೆ ಅದು ಇಂದಿಗೂ ಪೀಡೆಯೇ.

ಎಡ ತಿರುವು

ಹೆಡಿಂಗ್ ಸೂಚಕವನ್ನೇ ಕಾಗದ ಮಾಡಿಕೊಳ್ಳಿ. ಬಲ ತಿರುವಿನ ಹೋಲ್ಡ್‌ನಲ್ಲಿ ಹೊರ ಕಾಲಿನ, ಅಂದರೆ ಕೇಂದ್ರದಿಂದ ಆಚೆ ಹೋಗುವ ಭಾಗದ, ದಿಕ್ಕು ನಿಮ್ಮ ಮೂತಿಯಿಂದ ಬಲಕ್ಕೆ 70 ಡಿಗ್ರಿಯೊಳಗಿದ್ದರೆ ಕಣ್ಣೀರಹನಿ ಪ್ರವೇಶ, ಎಡಕ್ಕೆ 110ರೊಳಗಿದ್ದರೆ ಸಮಾಂತರ, ಉಳಿದ ಕೆಳ ಅರ್ಧದಲ್ಲಿದ್ದರೆ ನೇರ. ಒಳ ಕಾಲು 090, ಹೊರ ಕಾಲು 270, ನೀವು 350ರಲ್ಲಿ ಬರುತ್ತಿದ್ದೀರಿ ಎನ್ನಿ. 270 ನಿಮ್ಮ ಎಡಕ್ಕೆ 80 ಡಿಗ್ರಿ, ಆದ್ದರಿಂದ ಸಮಾಂತರ. ನನ್ನ ಹೆಸರನ್ನು ನೋಡಿ ಎಡ ತಿರುವಿಗೂ ಇದೇ ಎಂದುಕೊಳ್ಳಬೇಡಿ, ಅದಕ್ಕೆ ಕನ್ನಡಿಯಲ್ಲಿ ನೋಡಬೇಕು.

ಮೋರ್ಸ್ ಕಿವಿ

ಮತ್ತೆ ಕಿವಿಗೆ ಬಂದರೆ, ಹಿಂದಿನವರು ಪೂರ್ತಿ ಕಿವಿಯಿಂದಲೇ ಹಾರುತ್ತಿದ್ದರು. ವಿಒಆರ್ ಬರುವ ಮುಂಚಿನ ನಾಲ್ಕು ದಾರಿಯ ರೇಡಿಯೊ ರೇಂಜ್‌ನಲ್ಲಿ ಗೆರೆಯ ಒಂದು ಬದಿಗೆ ‘ಎ’ ಅಕ್ಷರ, ಅಂದರೆ ಹ್ರಸ್ವ ದೀರ್ಘ, ಇನ್ನೊಂದು ಬದಿಗೆ ‘ಎನ್’, ಅಂದರೆ ದೀರ್ಘ ಹ್ರಸ್ವ. ಎರಡೂ ಒಂದರೊಳಗೊಂದು ಕೂತು ಒಂದೇ ನಾದವಾಗಿ ಕೇಳಿದರೆ ನೀವು ದಾರಿಯ ಮೇಲಿದ್ದೀರಿ. ಮುಳ್ಳೇ ಇರಲಿಲ್ಲ. ‘ಯಾರ ಎಡ’ ಎಂಬ ಗೊಂದಲ ಅವರಿಗೂ ತಪ್ಪಿರಲಿಲ್ಲ, ಯಾವ ಕಾಲುಭಾಗದಲ್ಲಿದ್ದೇವೆಂದು ತಿಳಿಯಲು ಒಂದು ದಿಕ್ಕಿಗೆ ಹಾರಿ ಸದ್ದು ಏರುತ್ತದೋ ಇಳಿಯುತ್ತದೋ ಎಂದು ಕಾದು ಕೇಳಬೇಕಿತ್ತು. ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ 1929ರ ಸೆಪ್ಟೆಂಬರ್ 24ರಂದು ಮುಚ್ಚಿದ ಕಾಕ್‌ಪಿಟ್‌ನೊಳಗೆ ಕುಳಿತು, ಹೊರಗೆ ನೋಡದೆ ಏರಿ, ಸುತ್ತಿ, ಇಳಿದಾಗ ಇದ್ದದ್ದು ರೇಡಿಯೊ ದಾರಿ, ಕೃತಕ ದಿಗಂತ, ದಿಕ್ಕಿನ ಗೈರೊ ಮತ್ತು ಒಂದು ಸೂಕ್ಷ್ಮ ಎತ್ತರಮಾಪಕ.

ನಕ್ಷೆಪ್ರಿಯ

ಮುಂದಿನ ಆಸನದಲ್ಲಿ ಹೊರಗೆ ನೋಡುತ್ತಿದ್ದ ಇನ್ನೊಬ್ಬ ಪೈಲಟ್ ಇದ್ದರು ಎಂಬುದನ್ನೂ ಸೇರಿಸಿ, ಇಲ್ಲದಿದ್ದರೆ ಸಿಮ್‌ನಲ್ಲೇ ವಾಸ ಅವರಿಗೆ ಧೈರ್ಯ ಹೆಚ್ಚಾದೀತು.

ಮೊದಲ ರೇಡಿಯಲ್

ಮೂರು ದಿನಗಳ ನಂತರ ಬಂದಿದ್ದೇನೆ. ಎಡ ತಿರುವು ಅವರು ಹೇಳಿದಂತೆ ಕಾಗದ ತಿರುಗಿಸಿ ಹತ್ತು ಲೆಕ್ಕ ಮಾಡಿದೆ, ವಿಮಾನವನ್ನು ಕೊನೆಯಲ್ಲಿ ಬರೆದೆ, ಒಂಬತ್ತು ಸರಿಯಾದವು. ಎನ್‌ಡಿಬಿಯನ್ನೂ ಓದುತ್ತಿದ್ದೇನೆ, ಬೈದುಕೊಂಡೇ. ತಪ್ಪಾದ ಹತ್ತನೆಯದು ಹೀಗಿದೆ: ಒಬಿಎಸ್ 090, ಮುಳ್ಳು ಎಡಕ್ಕೆ ಪೂರ್ತಿ ವಾಲಿದೆ, ‘ಟು’ ಇಲ್ಲ, ‘ಫ್ರಂ’ ಕೂಡ ಇಲ್ಲ. ಧ್ವಜ ಮಾಯವಾದರೆ ಕೇಂದ್ರದ ನೆತ್ತಿಯ ಮೇಲಿದ್ದೇವೆ ಎಂದು ಓದಿದ್ದೆ, ಹಾಗೆಯೇ ಬರೆದೆ.

ಹಳೆಯ ಬೋಧಕ

ನಿಮ್ಮ ಕಾಗದದ ಮೇಲಿನ ಅಡ್ಡ ಗೆರೆಯನ್ನು ನೋಡಿ. ‘ಟು’ ಮನೆಗೂ ‘ಫ್ರಂ’ ಮನೆಗೂ ನಡುವಿನ ಗಡಿ ಅದು. ಆ ಗಡಿಯ ಮೇಲೆ ಎಲ್ಲಿ ನಿಂತರೂ, ಕೇಂದ್ರದಿಂದ ಐವತ್ತು ಮೈಲಿ ದೂರ ನಿಂತರೂ, ಧ್ವಜ ಎರಡನ್ನೂ ಹೇಳುವುದಿಲ್ಲ. ಮುಳ್ಳು ಪೂರ್ತಿ ಎಡಕ್ಕಿದೆ, ಪೂರ್ವಕ್ಕೆ ಮುಖ ಮಾಡಿದವನ ಎಡ ಉತ್ತರ, ಗೆರೆ ಉತ್ತರಕ್ಕಿದೆ.

ಮೊದಲ ರೇಡಿಯಲ್

ಹಾಗಾದರೆ ನಾನು ದಕ್ಷಿಣದಲ್ಲಿದ್ದೇನೆ, 180 ರೇಡಿಯಲ್‌ನ ಬಳಿ. ಒಬಿಎಸ್ ಅನ್ನು 180ಕ್ಕೆ ತಿರುಗಿಸಿದರೆ ‘ಫ್ರಂ’ ಬಂದು ಮುಳ್ಳು ನಡುವಿಗೆ ಬರಬೇಕು.

ಮೋರ್ಸ್ ಕಿವಿ

ಅಥವಾ ಕೇಂದ್ರವೇ ಸತ್ತಿರಬಹುದು. ಹಲವು ಹಳೆಯ ಉಪಕರಣಗಳಲ್ಲಿ ಸಂಕೇತ ಹೋದಾಗಲೂ ಗಡಿಯ ಮೇಲಿದ್ದಾಗಲೂ ಬರುವ ಧ್ವಜ ಒಂದೇ. ಗುರುತು ಕೇಳಿಸಿಕೊಂಡಿರಾ?

ಮೊದಲ ರೇಡಿಯಲ್

ಅದು ಪ್ರಶ್ನೆಪತ್ರಿಕೆ ಸ್ವಾಮಿ, ಸದ್ದು ಮಾಡುವುದಿಲ್ಲ.